ಟೈಟಲ್ ಸಾಂಗಿನ ಎರಡನೇ ಚರಣ

ಸಿನಿಮಾದ ಹೆಸರು ಹಾಡಿನಲ್ಲಿ ನಾಲ್ಕು ಸಲ ಬರಲೇಬೇಕು, ಸಂಜೆ ಆರಕ್ಕೆ ಹಾಡು ಕೈಸೇರದಿದ್ದರೆ ಬೇರೆ ಕವಿಯನ್ನು ಹಿಡಿಯುತ್ತೇನೆ ಎಂದು ನಿರ್ದೇಶಕರು ಅಪ್ಪಣೆ ಕೊಡಿಸಿದ್ದರು. ಆದರೆ ಆ ಮಹಾನುಭಾವರು ತಮ್ಮ ಪ್ರೇಮಕಥೆಗೆ ಇಟ್ಟ ಹೆಸರು 'ದಯವಿಟ್ಟು ಸಾಲಿನಲ್ಲಿ ನಿಲ್ಲಿ'! (ನಾಯಕಿ ಮೊದಲು ಕಣ್ಣಿಗೆ ಬೀಳುವುದು ಆಸ್ಪತ್ರೆಯ ಸಾಲಿನಲ್ಲಂತೆ. ಬೀಳಲಿ, ಅದಕ್ಕೆ ಗೋಡೆಯ ಬೋರ್ಡನ್ನೇ ಕಿತ್ತು ತರಬೇಕೆ?)

ಕಚೇರಿಯ ಬೀಳ್ಕೊಡುಗೆಗಳಿಗೆ ಪದ್ಯ ಹೊಸೆದೇ ಕವಿರಾಯರೆನಿಸಿಕೊಂಡ ಗುಮಾಸ್ತರಿಗೆ ಇದು ಮೊದಲ ಸಿನಿಮಾ. ಬೀದಿಗೆಲ್ಲ ಡಂಗುರ ಸಾರಿಯೂ ಆಗಿತ್ತು. ರಜೆ ಹಾಕಿ, ಬೆಳಗಿನಿಂದ ಟ್ಯೂನ್ ಕೇಳುತ್ತಾ ಕೂತವರು ನಾಲ್ಕು ಗಂಟೆಗೆ ಹೆತ್ತದ್ದು ಒಂದೇ ಚರಣ: 'ಸರದಿಯ ಸಿರಿಯೇ, ಪಂಕ್ತಿಯ ಪರಿಯೇ, ಪ್ರಣಯದ ಪರಮಪದವೇ'. ಸಿನಿಮಾದ ಹೆಸರು ಮಾತ್ರ ಜಪ್ಪಯ್ಯ ಅಂದರೂ ಟ್ಯೂನಿಗೆ ಕೂರಲಿಲ್ಲ.

ಆಸ್ಪತ್ರೆಯ ಚೀಟಿ ಕಿಟಕಿಯಲ್ಲಿ ಕೆಲಸ ಮಾಡುವ ಹೆಂಡತಿ ಆಗಷ್ಟೇ ಮನೆಗೆ ಬಂದು ಕಾಗದ ಎತ್ತಿ ನೋಡಿದಳು.

"ರೀ, ಪರಮಪದ ಅಂದ್ರೆ ಸಾಯೋದಲ್ವಾ? ಆಸ್ಪತ್ರೆ ಸಾಲಲ್ಲಿ ನಿಲ್ಲಿಸ್ಕೊಂಡು ಹಾಗನ್ನೋದಾ?"

"ಸಾಹಿತ್ಯ ನಿನಗರ್ಥವಾಗಲ್ಲ. ಈ ದರಿದ್ರ ಹೆಸರು ಯಾವ ರಾಗಕ್ಕೂ ಬಗ್ತಿಲ್ಲ."

"ಇದಾ? ದಿನಕ್ಕೆ ಇನ್ನೂರು ಸಲ ಹೇಳ್ತೀನಲ್ರೀ. ಯಾರಿಗೆ ಹೇಳೋ ಥರ ಬೇಕು?"

"ಯಾರಿಗೆ ಅಂದ್ರೆ?"

"ಅಜ್ಜಿಗೆ ಒಂಥರಾ, ನುಗ್ಗೋರಿಗೆ ಒಂಥರಾ, ಮಗು ಎತ್ಕೊಂಡು ಅಳ್ತಿರೋಳಿಗೆ ಒಂಥರಾ. ಏನೂ ಕಾಯಿಲೆ ಇಲ್ದೆ ನಮ್ಮ ನರ್ಸನ್ನ ನೋಡೋಕೆ ದಿನಾ ಒಬ್ಬ ಬರ್ತಾನೆ, ಅವನಿಗೆ ಇನ್ನೊಂಥರಾ."

ಹೆಗಲ ಚೀಲವನ್ನೂ ಇಳಿಸದೆ ನಾಲ್ಕೂ ಥರ ಹೇಳಿದಳು. ಅಜ್ಜಿಗೆ 'ದಯವಿಟ್ಟು' ಉದ್ದವಾಯಿತು. ಅಳುವ ತಾಯಿಗೆ 'ನಿಲ್ಲಿ' ಎಂಬುದು 'ನಾನಿದ್ದೀನಿ' ಅಂದಂತೆ ಕೇಳಿತು. ಹಿಂದೆ ಟ್ಯೂನ್ ಓಡುತ್ತಲೇ ಇತ್ತು, ಮಾತು ಅದರೊಳಗೆ ತಾನಾಗಿ ಕೂತುಬಿಟ್ಟಿತು. "ಮೊದಲು ಬಂದ ನೋವು ಮೊದಲು, ನಗುವೇ, ನಿನ್ನ ಸರದಿ ಬರಲಿ" ಎಂದು ಮುಂದಿನ ಸಾಲನ್ನೂ ಸೇರಿಸಿದಳು.

ಕವಿರಾಯರ ಮೈ ಜುಮ್ಮೆಂದಿತು. ಇಷ್ಟು ವರ್ಷ ಸಂಸಾರ ಮಾಡಿ, ಆ ಕಿಟಕಿಯ ಹಿಂದೆ ಇವಳು ಏನು ಮಾಡುತ್ತಾಳೆಂದು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು, ನಾಚಿಕೆಗಿಂತ ಬೆರಗು ದೊಡ್ಡದಿತ್ತು. ಅವಳು ಹೇಳುತ್ತಾ ಹೋದಳು, ಅವರು ವಿಧೇಯ ವಿದ್ಯಾರ್ಥಿಯ ಹಾಗೆ ಬರೆದುಕೊಳ್ಳುತ್ತಾ ಹೋದರು.

"ನಿಮ್ಮ ಹೆಸರಲ್ಲೇ ಕಳಿಸಿ. ನಿಮ್ಮ ಚರಣಾನೂ ಮಧ್ಯೆ ಒಂದ್ಕಡೆ ಸೇರಿಸಿ" ಎಂದು ಅವಳು ಅಡುಗೆಮನೆಗೆ ನಡೆದಳು.

ಆರಕ್ಕೆ ಐದು ನಿಮಿಷವಿರುವಾಗ ನಿರ್ದೇಶಕರ ಫೋನ್ ಬಂತು.

"ಅದ್ಭುತ, ಕವಿರಾಯರೇ! ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು. ಒಂದೇ ಮಾತು, ಬೇಜಾರು ಮಾಡ್ಕೋಬೇಡಿ. ಆ ಎರಡನೇ ಚರಣ, ಆ ಪರಮಪದದ್ದು, ನೀವು ಬರೆದದ್ದಲ್ಲ, ಅಲ್ವಾ? ಯಾರೋ ನೆಂಟರ ಬಾಯಿ ಮುಚ್ಚಿಸೋಕೆ ಸೇರಿಸಿದ್ದೀರಿ. ನಿಜ ಹೇಳಿ, ಕಿತ್ತು ಹಾಕ್ಲಾ?"

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಕವಿರಾಯರು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು.

"ಕಿತ್ತು ಹಾಕಿ ಸಾರ್. ಅದು ನಮ್ಮನೆಯವಳ ಕಡೆಯೋರೊಬ್ಬರದು. ಬಹಳ ವರ್ಷದಿಂದ ಬರೀತಿದ್ದಾರೆ, ಪಾಪ."