ಮಾಮಾನ ಟವೆಲ್ ದವಾಖಾನೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಟವೆಲ್ಲು ಹಸಿರಿತ್ತೋ ನೀಲಿಯಿತ್ತೋ, ನನ್ನ ದಿನಚರಿಯ ಎರಡು ಪುಟಗಳೇ ಒಂದನ್ನೊಂದು ಒಪ್ಪುವುದಿಲ್ಲ. ಆದರೆ ಇಂಡಿಯಿಂದ ಮುದ್ದೇಬಿಹಾಳದವರೆಗೆ ನನ್ನ ಸೋದರಮಾವನಷ್ಟು ಅಗ್ಗದ ದವಾಖಾನೆ ಇನ್ನೊಂದಿರಲಿಲ್ಲ ಎಂಬುದರಲ್ಲಿ ಸಂಶಯವಿಲ್ಲ.

ಮಾಮಾ ಮನೆ ಕಟ್ಟುವ ಮೇಸ್ತ್ರಿ. ಕೈಕೆಳಗೆ ಎಂಟು ಜನ ಗೌಂಡಿಗಳು. ಯಾರ ಕೈಗೆ ಕಬ್ಬಿಣದ ಸಳಿ ಚುಚ್ಚಲಿ, ಯಾರ ಬೆರಳನ್ನು ಟೈಲ್ಸ್ ಕೊಯ್ಯಲಿ, ಮಾಮಾ ಹೆಗಲ ಟವೆಲ್ಲು ತೆಗೆದು ಬಿಗಿಯುತ್ತಿದ್ದ. ರಕ್ತ ನಿಂತಮೇಲೆ ಗೋಡೆಗೆ ನೀರು ಹೊಡೆಯುವ ಪೈಪಿನಲ್ಲೇ ಜಾಲಿಸಿ ಮತ್ತೆ ಹೆಗಲಿಗೆ. ಮರುದಿನ ಇನ್ನೊಬ್ಬನ ಗಾಯಕ್ಕೂ ಅದೇ.

"ಮಾಮಾ, ಒಬ್ಬರ ರಕ್ತ ಇನ್ನೊಬ್ಬರ ಗಾಯಕ್ಕ ಹತ್ತಿದ್ರ ರೋಗ ಬರ್ತಾವು," ಎಂದೆ.

"ಎಂ.ಎ. ಕಲ್ತು ಇದನ್ನ ಹೇಳಾಕ ಬಂದಿಯೇನು? ಶರಣರು ಹುಟ್ಟಿದ ಬಾಗೇವಾಡಿ ಸೀಮಿಯಾಗ ನಿಂತು ರಕ್ತದಾಗ ಭೇದ ಮಾಡ್ತಿ? ಎಲ್ಲಾರ್ದೂ ಒಂದ ರಕ್ತ ಐತಿ."

ಸಮಾನತೆಯನ್ನು ಬ್ಯಾಂಡೇಜಿನ ಬದಲಿಗೆ ಬಳಸಿದವನು ಇವನೊಬ್ಬನೇ ಇರಬೇಕು. ನಾನು ಅಲ್ಲಿಂದ ಎದ್ದು ಬಂದೆ. ಜಗಳವಾಡಬೇಕಿತ್ತೇ?

ಸಿಂದಗಿಯಿಂದ ರಬ್ಬರ್ ಕೈಗವಸು ತಂದುಕೊಟ್ಟೆ. ವಾರ ಬಿಟ್ಟು ಹೋದರೆ ಅವುಗಳಿಗೆ ಹುಲ್ಲು ತುಂಬಿ ದೃಷ್ಟಿಬೊಂಬೆಗೆ ಕೈ ಮಾಡಿದ್ದ.

"ಚಲೋ ಒಪ್ಪ್ಯಾವ ನೋಡವಾ."

ಆ ಸೈಟಿನಲ್ಲಿ ಸುರಕ್ಷಿತವಾಗಿದ್ದ ಕೈಗಳೆಂದರೆ ಬೊಂಬೆಯವು ಮಾತ್ರ.

ಕಳೆದ ವರ್ಷ ಗೌಂಡಿ ದಸ್ತಗೀರನ ಕಣ್ಣು ಹಳದಿಯಾಯಿತು. "ಕಾಮಣಿ ಆಗೇತಿ. ಎಲಿ ಔಷಧ ಕುಡಿ, ಇಳೀತೈತಿ," ಎಂದ ಮಾಮಾ. ಇಳಿಯಲಿಲ್ಲ. ಕೊನೆಗೆ ದವಾಖಾನೆಗೆ ಕರೆದೊಯ್ದರೆ ಡಾಕ್ಟರು, "ಇದು ರಕ್ತದಿಂದ ಹರಡೋ ಕಾಮಣಿ. ಇವನ ರಕ್ತ ಯಾರ್ಯಾರಿಗೆ ಹತ್ತೇತ್ರಿ?" ಎಂದು ಕೇಳಿದರು. ಮಾಮಾ ಹೆಗಲ ಟವೆಲ್ಲನ್ನು ಮೆಲ್ಲಗೆ ಎಳೆದು ಅಂಗಿಯೊಳಗೆ ತುರುಕಿಕೊಂಡ.

ಮರುದಿನ ಬೆಳಿಗ್ಗೆ ಉಳಿದ ಏಳೂ ಜನರನ್ನು ಟಂಟಂ ಗಾಡಿಯಲ್ಲಿ ತುಂಬಿಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ. ಯಾರಿಗೂ ರೋಗವಿರಲಿಲ್ಲ. ಎಲ್ಲರಿಗೂ ಲಸಿಕೆ ಹಾಕಿಸಿದ. ಸೂಜಿಗೆ ಹೆದರಿದವರಿಗೆ, "ಸಳಿ ಚುಚ್ಚಿದಾಗ ಅಂಜಲಿಲ್ಲ, ಇದಕ್ಕ ಅಂಜ್ತಿಯೇನಲೇ?" ಎಂದು ಗದರಿಸಿದನಂತೆ.

ದಸ್ತಗೀರ ಈಗ ಗುಳಿಗೆ ನುಂಗುತ್ತ ಕೆಲಸಕ್ಕೆ ಬರುತ್ತಾನೆ. "ಮೇಸ್ತ್ರಿ, ಎಲ್ಲಾರ ಗಾಯಾ ಕಟ್ಟಿದವ್ರು ನೀವ. ನೀವೂ ತೋರಿಸ್ಕೋರಿ," ಎನ್ನುತ್ತಾನೆ. ಮಾಮಾ ಕರಣೆ ಎತ್ತಿಕೊಂಡು ಆಚೆ ಗೋಡೆಗೆ ಹೋಗಿಬಿಡುತ್ತಾನೆ.

ಮೊನ್ನೆ ನನ್ನ ಮಗಳು ಎತ್ತಿಕೋ ಎಂದು ಮಾಮಾನ ಕಡೆಗೆ ಓಡಿದಳು. ಸಿಮೆಂಟಿಗೆ ಬಿರಿದ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟ.

"ಎತ್ಕೊಂಡ್ರ ರೋಗ ಬರಂಗಿಲ್ಲ ಮಾಮಾ," ಎಂದೆ. ಅವನು ಕೈ ಬಿಚ್ಚಲಿಲ್ಲ. ಪಕ್ಕದಲ್ಲಿ ಹೋಗಿ ನಿಂತು ಕೇಳಿದೆ:

"ನಿನ್ನ ರಕ್ತ ಯಾವಾಗ ತೋರಿಸ್ತಿ, ಮಾಮಾ?"