ಅಪ್ಪನ ಕೋವಿಗೆ ಹುಣಸೆಹಣ್ಣು

ರಿಟೈರಾದ ಗಂಡಸು ಮನೆಗೆಲಸಕ್ಕೆ ನೆರವಾಗುತ್ತೇನೆಂದು ಎದ್ದರೆ, ಅವನ ಕೈಗೊಂದು ಪೇಪರು ಕೊಟ್ಟು ಮತ್ತೆ ಕೂರಿಸುವುದೇ ಮನೆಗೆ ಕ್ಷೇಮ. ಈ ಮಾತು ನನ್ನ ಹೆಂಡತಿ ವಿಮಲಾಳದು. ಅವಳು ಹಾಗೆಂದಾಗಲೆಲ್ಲ ನಾನು ಜಗಳವಾಡಿದ್ದೇನೆ. ಈಗ ನಾನೇ ಹೇಳುತ್ತಿದ್ದೇನೆ, ಅದೂ ತಲೆ ತಗ್ಗಿಸಿಕೊಂಡು.

ನಮ್ಮಪ್ಪನಿಗೆ ಚಾಮರಾಜಪೇಟೆಯಲ್ಲಿ ಕೋವಿ ರಿಪೇರಿ ಅಂಗಡಿಯಿತ್ತು. ಊರವರ ಕೋವಿಗಳನ್ನು ಸರಿಮಾಡಿ ಮಾಡಿ, ಒಮ್ಮೆ ತಮಗೇ ಅಂತ ಒಂದನ್ನು ಮಾಡಿಕೊಂಡರು. ಹಳೇ ಕಾಲದ ತರಹದ್ದು. ನಳಿಗೆಯ ಬಾಯಿಯಿಂದಲೇ ಮದ್ದು ಸುರಿದು, ಗುಂಡು ಹಾಕಿ, ಸಲಾಕೆಯಿಂದ ಗಿಡಿದು ಹೊಡೆಯಬೇಕು. ಹಿತ್ತಾಳೆ ಪಟ್ಟಿ ನಗರ್ತಪೇಟೆಯದು, ಮರ ಕೆತ್ತಿದ್ದು ಅಪ್ಪನ ಗೆಳೆಯ ವೀರಾಚಾರ್ರು. ಅದಕ್ಕೆ ಲೈಸೆನ್ಸೂ ಇದೆ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರುವ ಕರ್ಮವೂ ಇದೆ. ಕಳೆದ ಸಲ ಪೇದೆಯೊಬ್ಬರು, "ಸಾರ್, ಇದ್ರಲ್ಲಿ ಕಳ್ಳನ್ನ ಹೊಡೀಬೋದಾ?" ಎಂದು ಕೇಳಿದರು. "ಹೊಡೀಬೋದು, ಮದ್ದು ತುಂಬೋವರ್ಗೂ ಅವನು ಕಾಫಿ ಕುಡೀತಾ ಕೂತಿದ್ರೆ" ಎಂದೆ.

ಆ ನಳಿಗೆ ಯಾವತ್ತೂ ಹೊಳೆಯುತ್ತಿರಲಿಲ್ಲ. ಹುರಿದ ಕಾಫಿಬೀಜದ ಬಣ್ಣ. ಅಪ್ಪ ಬೇಕೆಂದೇ ಅದಕ್ಕೆ ತುಕ್ಕು ಹಿಡಿಸಿದ್ದರು. ತೇವದಲ್ಲಿಟ್ಟು ತುಕ್ಕು ಬರಿಸುವುದು, ಒರೆಸುವುದು, ಮತ್ತೆ ಬರಿಸುವುದು, ಹೀಗೆ ವಾರಗಟ್ಟಲೆ. "ಹದವಾಗಿ ಹಿಡಿಸಿದ ತುಕ್ಕೇ ಕಬ್ಬಿಣಕ್ಕೆ ಕಾವಲು ಕಣೋ. ಬಾ, ತೋರಿಸ್ತೀನಿ" ಎನ್ನುತ್ತಿದ್ದರು. ನಾನು "ನಾಳೆ ಬರ್ತೀನಪ್ಪಾ" ಎಂದು ಕ್ರಿಕೆಟ್ಟಿಗೆ ಓಡುತ್ತಿದ್ದೆ. ಆ ಕೆಲಸ ನಡೆಯುವಾಗ ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ತಾಗಿದಲ್ಲಿ ಬಣ್ಣ ಹಿಡಿಯುವುದಿಲ್ಲ. ಅಷ್ಟು ತಿಳಿದ ಅಪ್ಪನೇ ಒಮ್ಮೆ ಮೈಮರೆತು ಮುಟ್ಟಿಬಿಟ್ಟಿದ್ದರು. ನಳಿಗೆಯ ನಡುವೆ ಅವರ ಹೆಬ್ಬೆರಳು ಗೆರೆಗೆರೆಯಾಗಿ ಉಳಿದು, ವರ್ಷ ಕಳೆದಂತೆ ಆ ಜಾಗ ಕಪ್ಪಗಾಯಿತು. ಪ್ರತಿ ಆಯುಧಪೂಜೆಗೂ ಸೇವಂತಿಗೆ ಹಿಡಿದು ಬರುವ ವೀರಾಚಾರ್ರು ಅದನ್ನು ತೋರಿಸಿ, "ಏನ್ ಮೇಸ್ತ್ರಿ, ರುಜು ಬೇರೆ ಹಾಕಿದೀರಾ!" ಎಂದು ರೇಗಿಸುತ್ತಿದ್ದರು. ಅಪ್ಪ ಹೋದ ಮೇಲೂ ಅವರು ಬರುವುದನ್ನು ಬಿಡಲಿಲ್ಲ.

ಈ ಸಲ ಪೂಜೆಯ ದಿನ ಬೆಳಿಗ್ಗೆ ವಿಮಲಾ ದೀಪದ ಕಂಬಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಅವು ಥಳಥಳಿಸುವುದನ್ನು ಕಂಡು ನನಗೆ ಹುರುಪು ಬಂತು. ಉಳಿದ ಹುಣಸೆಹಣ್ಣನ್ನು ಕೋವಿಗೆ ಬಳಿದೆ. ಸಾಲದ್ದಕ್ಕೆ ಸ್ಯಾಂಡ್‌ಪೇಪರ್ ಹುಡುಕಿ ತಂದೆ.

"ರೀ, ಆಚಾರ್ರನ್ನ ಒಂದ್ಮಾತು ಕೇಳ್ಬಾರ್ದಾ?"

"ನಮ್ಮಪ್ಪನ ಕೋವಿ ನಂಗೊತ್ತಿಲ್ವಾ?"

ನಡುವಿನ ಕಲೆಯೊಂದು ಬಹಳ ಹಠ ಮಾಡಿತು. ಅದು ಯಾವುದೆಂದು ನನಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಆದರೆ ಉಜ್ಜುವ ಹುರುಪಿನಲ್ಲಿ ಇರುವವನಿಗೆ ಕಲೆ ಬರೀ ಕಲೆಯಾಗಿಯೇ ಕಾಣುತ್ತದೆ. ಅರ್ಧ ಗಂಟೆಯಲ್ಲಿ ಗೆದ್ದೆ. ನಳಿಗೆಯಲ್ಲಿ ನನ್ನ ಮುಖ ಕಂಡಿತು. ಅದನ್ನೇ ನೋಡಿಕೊಂಡು ಮೀಸೆಯನ್ನೂ ತೀಡಿಕೊಂಡೆ.

ಮಧ್ಯಾಹ್ನ ಆಚಾರ್ರು ಬಂದರು. ಎಂಬತ್ತು ದಾಟಿದ ಜೀವ. ಕನ್ನಡಕ ಏರಿಸಿ, ನಳಿಗೆಯ ಮೇಲೆ ಬೆರಳಾಡಿಸುತ್ತಾ ಆ ತುದಿಯಿಂದ ಈ ತುದಿಗೆ ಬಂದರು, ಮತ್ತೆ ಹಿಂದಕ್ಕೆ ಹೋದರು.

"ರಾಮು, ಮೇಸ್ತ್ರಿ ಎಲ್ಲಿ ಹೋದ್ರಪ್ಪಾ?"

ನನಗೆ ಆಗ ಹೊಳೆಯಿತು. "ಹುಣಸೆಹಣ್ಣಲ್ಲಿ ತೊಳೆದ್ಬಿಟ್ಟೆ ಆಚಾರ್ರೇ" ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಾವು ಕೆತ್ತಿದ ಮರವನ್ನು ಸವರಿ, ಹೂವನ್ನು ಅಲ್ಲೇ ಇಟ್ಟರು. ಅಪ್ಪ ತೀರಿಕೊಂಡಾಗ ಬಾರದ ಅಳು ನನಗೆ ಈಗ ಬಂತು.

"ಬಣ್ಣ ಮತ್ತೆ ಹಿಡಿಸ್ಬೋದು, ಮೇಸ್ತ್ರಿ ಮಾಡೋದ್ನ ನೋಡಿ ಕಲ್ತಿದೀನಿ. ಆ ಬೆರಳನ್ನ ಎಲ್ಲಿಂದ ತರ್ಲಿ?" ಎಂದರು. ವಿಮಲಾ ಕೊಟ್ಟ ಕಾಫಿ ಕುಡಿದು ಲೋಟ ಕೆಳಗಿಟ್ಟು, "ಕಲಿಯೋಕೆ ಬರ್ತೀಯಾ?" ಎಂದು ಕೇಳಿದರು.

ಐವತ್ತು ವರ್ಷದ ತಪ್ಪನ್ನು ತಿದ್ದಿಕೊಳ್ಳುವ ಆತುರದಲ್ಲಿ, "ಇವತ್ತೇ, ಈಗ್ಲೇ ಬರ್ತೀನಿ" ಎಂದೆ.

"ಇವತ್ತು ಪೂಜೆಗಿಟ್ಟ ಹತಾರ ಮುಟ್ಟಿ ಕೆಲಸ ಮಾಡೋ ಹಾಗಿಲ್ವಲ್ಲಪ್ಪಾ" ಎನ್ನುತ್ತಾ ಆಚಾರ್ರು ಚಪ್ಪಲಿ ಮೆಟ್ಟಿದರು. "ನಾಳೆ ಬಾ."

ಆ ‘ನಾಳೆ’ಯನ್ನು ಕೇಳಿಸಿಕೊಂಡವರಿಗೆ ಹೇಗಿರುತ್ತದೆ ಎಂಬುದು, ಕೈಯಲ್ಲಿನ್ನೂ ಹುಣಸೆಹಣ್ಣಿನ ವಾಸನೆ ಹೋಗದೆ ಬಾಗಿಲಲ್ಲಿ ನಿಂತ ನನಗೆ ಅರವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು.