ಪೆರುಮಾಳ್ ಮುಂದೆ ಎರಡು ಕಿಟಕಿ

ಬೆಳಗ್ಗೆ ದೇವರ ಮುಂದೆ ದೀಪ ಹಚ್ಚದೆ ನಾನು ಕಂಪ್ಯೂಟರ್ ಆನ್ ಮಾಡುವವನಲ್ಲ. ಆದರೂ ನಗುವಂಥ ಸಂಗತಿಗಳು ನನ್ನ ಮೇಜನ್ನೇ ಹುಡುಕಿಕೊಂಡು ಬರುತ್ತವೆ. ಪೆರುಮಾಳ್‌ಗೂ ಹೊತ್ತು ಹೋಗಬೇಕಲ್ಲ ಎಂದುಕೊಂಡು ಸುಮ್ಮನಾಗುತ್ತೇನೆ.

ತಮಿಳು ಸೀಮೆಯ ತೇವಾರಂನಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಓದಿದ್ದು ಊರ ಶಾಲೆಯಲ್ಲಿ, ಪ್ರೋಗ್ರಾಂ ಬರೆಯಲು ನಿಧಾನಕ್ಕೆ ನಾನೇ ಕಲಿತೆ. ಈ ಕಣಿವೆಯಲ್ಲಿ ಹರಡಿಕೊಂಡಿರುವ ನಮ್ಮ ಕನ್ನಡದ ಮನೆಗಳಲ್ಲಿ ಮದುವೆ ಮಾತಿಗೆ ಮೊದಲು ಯಾರು ಯಾವ ಕುಲ ಎಂದು ಗೊತ್ತಾಗಬೇಕು. ಒಂದೇ ಕುಲದವರೆಂದರೆ ಅಣ್ಣ ತಂಗಿಯ ಲೆಕ್ಕ. ಅದೆಲ್ಲ ಪೂರ್ತಿ ಗೊತ್ತಿರುವುದು ಒಬ್ಬರಿಗೇ, ಎಂಬತ್ತು ದಾಟಿದ ನಮ್ಮ ದೊಡ್ಡಯ್ಯನಿಗೆ. ಅವರ ತಲೆಯಲ್ಲಿರುವುದನ್ನು ಅವರು ಗಟ್ಟಿಯಾಗಿರುವಾಗಲೇ ಕಂಪ್ಯೂಟರಿಗೆ ಇಳಿಸಬೇಕು ಎಂದು ಪೆರುಮಾಳ್ ಗುಡಿಯ ಸೆಕ್ರೆಟರಿ ನನಗೆ ಒಪ್ಪಿಸಿದರು. ಆ ಸೆಕ್ರೆಟರಿ ಪೆರಿಯಕುಳಂನ ಮಾವಿನ ತೋಟದವರು.

೧. ಎರಡು ತಿಂಗಳು

ಪ್ರೋಗ್ರಾಂ ಕಟ್ಟಲು ಬೇಕಾದ ಟೂಲ್‌ಕಿಟ್ ಎಂದರೇನೆಂದು ದೊಡ್ಡಯ್ಯನಿಗೆ ವಿವರಿಸಿದೆ. "ಬಡಗಿ ಅಂಗಡೀಲಿ ಬಾಗಿಲು ಕಿಟಕಿ ಮಾಡಿ ಇಟ್ಟಿರ್ತಾರಲ್ಲ, ಹಾಗೆ. ಒತ್ತೋ ಗುಂಡಿ, ಬರೆಯೋ ಚೌಕ ಎಲ್ಲಾ ತಯಾರಾಗಿ ಸಿಗುತ್ತೆ. ಒಂದರ ಹೆಸರು ಟಿಕೆ, ಇನ್ನೊಂದು ಕ್ಯೂಟಿ. ಯಾವುದು ಅಂತ ಮೊದಲು ತೀರ್ಮಾನ ಮಾಡ್ಬೇಕು."

"ಎಷ್ಟು ದಿನದಿಂದ ಯೋಚಿಸ್ತಿದ್ದೀಯ?"

"ಎರಡು ತಿಂಗಳಾಯ್ತು."

"ಹೆಣ್ಣು ನೋಡಿ ಒಪ್ಪೋಕೆ ನಿನಗೆ ಒಂದು ಲೋಟ ಕಾಪಿ ಕುಡಿಯೋ ಹೊತ್ತು ಸಾಕಾಗಿತ್ತಲ್ಲ, ತಂಬಿ."

ಒಳಗಿನಿಂದ ನನ್ನ ಹೆಂಡತಿ ಹೇಳಿದಳು: "ಅದಕ್ಕೇ ಈಗ ನಿಧಾನ ಕಲಿತಿದ್ದಾರೆ."

೨. ಖಾತ್ರಿಯಾ?

ಕೊನೆಗೆ ಟಿಕೆಯಲ್ಲೇ ಶುರು ಮಾಡಿದೆ. ಪರದೆಯ ಮೇಲೆ ತೆರೆದುಕೊಂಡದ್ದು ಬೂದು ಬಣ್ಣದ ಸಾದಾ ಕಿಟಕಿ. ದೊಡ್ಡಯ್ಯ ಹೆಸರು ಹೇಳುವುದು, ನಾನು ಬರೆಯುವುದು, 'ಸೇರಿಸು' ಎಂಬ ಗುಂಡಿಯನ್ನು ಮಾತ್ರ ಅವರೇ ಒತ್ತುವುದು ಎಂದಾಯಿತು. ಮೊದಲ ಹೆಸರಿಗೆ ಒತ್ತಿದರು. 'ಖಾತ್ರಿಯಾ?' ಎಂದು ಒಂದು ಸಣ್ಣ ಚೌಕ ಎದ್ದು ನಿಂತಿತು.

"ಯಾರು ಹೀಗೆ ಕೇಳ್ತಿರೋದು?"

"ಕಂಪ್ಯೂಟರ್, ದೊಡ್ಡಯ್ಯ. ಎಲ್ಲರನ್ನೂ ಕೇಳುತ್ತೆ."

"ಎಲ್ಲರನ್ನೂ ಕೇಳಲಿ. ಎಷ್ಟೋ ಮದುವೆ ನಿಂತು ಮಾಡಿಸಿದ್ದೀನಿ. ಒಬ್ಬ ಬೀಗನೂ ನನ್ನನ್ನ ಖಾತ್ರಿಯಾ ಅಂತ ಕೇಳಿಲ್ಲ."

ಟವೆಲನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಮೂರು ದಿನ ಬರಲಿಲ್ಲ. ನಾನು ಆ ಚೌಕವನ್ನೇ ಕಿತ್ತು ಹಾಕಿ, ಮನೆಗೆ ಹೋಗಿ ಕರೆದುಕೊಂಡು ಬಂದೆ. ಗುಂಡಿ ಒತ್ತಿದರು, ಸ್ವಲ್ಪ ಕಾದರು. ಯಾರೂ ಏನೂ ಕೇಳಲಿಲ್ಲ.

"ಮೂರು ದಿನಕ್ಕೆ ಮರ್ಯಾದೆ ಕಲಿತುಬಿಟ್ಟಿದೆ" ಎಂದರು.

೩. ಪುಣ್ಯದ ಕಿಟಕಿ

ಒಂದು ದಿನ ಸೆಕ್ರೆಟರಿ ಬಂದು ನೋಡಿದರು. "ಏನು ಸಾಮಿ ಇದು, ರೇಷನ್ ಅಂಗಡಿ ಗೋಡೆ ಇದ್ದ ಹಾಗಿದೆ. ನಾಲ್ಕು ಜನ ನೋಡೋದು, ಲಕ್ಷಣವಾಗಿ ಮಾಡಿ."

ಕ್ಯೂಟಿಯಲ್ಲಿ ಮತ್ತೆ ಬರೆದೆ. ಬಣ್ಣ ಆರಿಸಿದವಳು ನನ್ನ ಹೆಂಡತಿ. ತನ್ನ ಚಿನ್ನಾಳಪಟ್ಟಿ ಸೀರೆಯನ್ನು ಕಂಪ್ಯೂಟರ್ ಪಕ್ಕ ಹರಡಿ, "ಒಡಲು ಹಳದಿ, ಅಂಚು ಕುಂಕುಮದ ಬಣ್ಣ" ಎಂದಳು. ನಿಜಕ್ಕೂ ಲಕ್ಷಣವಾಯಿತು. ಆದರೆ ಇದೆಲ್ಲ ಕೊನೆಗೆ ಇರಬೇಕಾದ ಗುಡಿಯ ಕಂಪ್ಯೂಟರ್ ಬಹಳ ಹಳೆಯದು. ಕಿಟಕಿ ತೆರೆಯಲು ಅದು ಒದ್ದಾಡಿತು. ಕಾಯುತ್ತಾ ನಾನು ದೇವರ ನಾಮ ಹೇಳಿಕೊಳ್ಳುತ್ತಿದ್ದೆ.

"ಎಲ್ಲಿಗೆ ಬಂತು?" ಎಂದು ಸೆಕ್ರೆಟರಿ ಕೇಳಿದರು.

"ಟಿಕೆ ಆಗಿದ್ರೆ ಕೇಶವ ಅನ್ನೋದರೊಳಗೆ ತೆರೀತಿತ್ತು. ಇದರಲ್ಲಿ ಇಪ್ಪತ್ನಾಲ್ಕು ನಾಮವೂ ಮುಗಿಸಿ ಮತ್ತೆ ಕೇಶವನಿಗೆ ಬಂದಿದ್ದೀನಿ."

"ಹಾಗಾದ್ರೆ ಪುಣ್ಯ ಇದರಲ್ಲೇ ಜಾಸ್ತಿ. ಇದೇ ಇರಲಿ."

೪. ಹೂ ಕಟ್ಟಿ ಕೇಳಿದ್ದು

ಹೊಸ ಕಿಟಕಿಯಲ್ಲಿ ಗುಂಡಿಗಳ ಜಾಗ ಬದಲಾಗಿತ್ತು. ದೊಡ್ಡಯ್ಯ ಬೆರಳು ಎತ್ತಿಕೊಂಡು ಹುಡುಕಿದರು, ಸಿಗಲಿಲ್ಲ. "ನಿಮ್ಮ ಕಿಟಕಿ ತೀರ್ಮಾನ ಆಗಲಿ. ಅಲ್ಲೀವರೆಗೆ ಒಂದು ಹೆಸರೂ ಹೇಳಲ್ಲ" ಎಂದು ಹೊರಟರು. ಸೆಕ್ರೆಟರಿಯೂ ಬಿಟ್ಟುಕೊಡಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಕಂಬಂ ಊರಿನ ಕಡೆಯ ಮನೆಗಳು ಪೂರ್ತಿ ಬಾಕಿ. ನಡುವೆ ದೊಡ್ಡಯ್ಯನಿಗೆ ಜ್ವರ ಬಂದು ಹೋಯಿತು. ನನಗೆ ನಿಜವಾಗಿ ಭಯ ಹತ್ತಿತು.

ಜ್ವರ ಬಿಟ್ಟ ಮೇಲೆ ದೊಡ್ಡಯ್ಯನೇ ದಾರಿ ತೋರಿಸಿದರು. "ಇಬ್ಬರೂ ಒಪ್ಪದಿದ್ರೆ ನಮ್ಮಲ್ಲಿ ಏನು ಮಾಡ್ತೀವಿ? ಹೂ ಕಟ್ಟಿ ಕೇಳ್ತೀವಿ."

ನಮ್ಮ ಕಡೆ ಅದು ವಾಡಿಕೆ. ಎರಡು ಬಣ್ಣದ ಹೂವನ್ನು ಬಾಳೆಲೆಯಲ್ಲಿ ಬೇರೆ ಬೇರೆ ಪೊಟ್ಟಣ ಕಟ್ಟಿ ದೇವರ ಮುಂದೆ ಇಡುವುದು, ಒಬ್ಬರು ಕಣ್ಣು ಮುಚ್ಚಿ ಒಂದನ್ನು ಎತ್ತುವುದು. ಬಂದ ಬಣ್ಣವೇ ದೇವರ ಮಾತು. ಬೂದು ಕಿಟಕಿಗೆ ಕೆಂಪು ಕಣಗಿಲೆ, ಹಳದಿ ಕಿಟಕಿಗೆ ಮಲ್ಲಿಗೆ ಎಂದಾಯಿತು. ಶನಿವಾರ ಬೆಳಗ್ಗೆ ದೊಡ್ಡಯ್ಯ ಮಡಿಯಲ್ಲಿ ಕುಳಿತು ತಾವೇ ಎರಡು ಪೊಟ್ಟಣ ಕಟ್ಟಿದರು. ನನ್ನ ಹೆಂಡತಿ ಕಣ್ಣು ಮುಚ್ಚಿ ಒಂದು ಎತ್ತಿದಳು. ಬಿಚ್ಚಿದರೆ ಕೆಂಪು.

ಸೆಕ್ರೆಟರಿ ಕೈ ಮುಗಿದರು. "ಪೆರುಮಾಳೇ ಹೇಳಿದ ಮೇಲೆ ಮುಗೀತು. ಬೂದು ಬಣ್ಣಾನೇ ಇರಲಿ." ಸಮಾಧಾನವಾಗಿ ಪ್ರಸಾದಕ್ಕೆ ಹೋದರು.

ಮಲ್ಲಿಗೆ ಯಾಕೆ ಬಾಡಬೇಕು, ಮುಡಿದುಕೊಳ್ಳೋಣ ಎಂದು ನನ್ನ ಹೆಂಡತಿ ಉಳಿದ ಪೊಟ್ಟಣ ಬಿಚ್ಚಿದಳು. ಅದರಲ್ಲೂ ಕೆಂಪು ಕಣಗಿಲೆ.

ನಾನು ದನಿ ತಗ್ಗಿಸಿ ಕೇಳಿದೆ: "ದೊಡ್ಡಯ್ಯ, ಸನ್ನಿಧೀಲಿ ಹೀಗೆ ಮಾಡಬಹುದಾ?"

ಅವರು ತೀರ್ಥ ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡು, ಗುಡಿಯ ಕಂಪ್ಯೂಟರ್ ಇರುವ ಕೋಣೆಯ ಕಡೆ ಹೊರಟೇಬಿಟ್ಟಿದ್ದರು.

"ಬಾ, ಕಂಬಂ ಮನೆಗಳು ನೆನಪಿರುವಾಗಲೇ ಬರೆದುಕೋ. ಹೊಸ ಕಿಟಕಿ ಕಲಿಯೋಕೆ ನನಗೆ ಹೊತ್ತಿಲ್ಲ, ಅದು ಪೆರುಮಾಳ್‌ಗೂ ಗೊತ್ತು. ನಿನ್ನ ಪೆಟ್ಟಿಗೆ ಅವತ್ತು ಖಾತ್ರಿಯಾ ಅಂತ ಕೇಳಿತಲ್ಲ, ತಂಬಿ? ಅದಕ್ಕೇ ಈ ಸಲ ಮೊದಲೇ ಖಾತ್ರಿ ಮಾಡಿಕೊಂಡೆ."